ಕಾಡಿನ ಉಣ್ಣೆಯೂ ಮಂಗನ ಕಾಯಿಲೆಯೂ: ಮಲೆನಾಡಿನ ರೈತರು ತಿಳಿದಿರತಕ್ಕ ವಿಷಯಗಳು

ದನಕರುಗಳನ್ನು ಸಾಕುವ ಪ್ರತಿಯೊಬ್ಬ ರೈತನಿಗೂ ಉಣ್ಣೆಯ ಪರಿಚಯವುಂಟು. ಮಲೆನಾಡಿನ ಕಡೆಯಲ್ಲಿ ಇದನ್ನು ಉಣುಗು ಎಂದು ಕರೆಯುವರು. ಹಸುವಿನ ಕಿವಿಯಲ್ಲಿಯೂ, ಗಂಗೆದೊಗಲಿನಲ್ಲಿಯೂ, ಬಾಲದ ಬುಡದಲ್ಲಿಯೂ ಹರಳುಬೀಜದಂತೆ ಊದಿಕೊಂಡು ಅಂಟಿರುವ ಈ ಜಂತುವು ರಕ್ತವನ್ನು ಹೀರಿ ದನವನ್ನು ಸೊರಗಿಸುವುದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಮಲೆನಾಡಿನ ಕಾಡುಗಳಲ್ಲಿರುವ ಒಂದು ಜಾತಿಯ ಉಣ್ಣೆಯು ಕಚ್ಚಿದರೆ ಮನುಷ್ಯನ ಪ್ರಾಣಕ್ಕೇ ಅಪಾಯ ಬರಬಹುದೆಂಬುದನ್ನೂ, ಆ ಅಪಾಯವು ವರ್ಷದ ಯಾವ ತಿಂಗಳುಗಳಲ್ಲಿ ಮತ್ತು ಯಾವ ಕೆಲಸಗಳನ್ನು ಮಾಡುವಾಗ ಹೆಚ್ಚೆಂಬುದನ್ನೂ ಎಲ್ಲರೂ ಅರಿತಿರುವುದಿಲ್ಲ. ಈ ರೋಗಕ್ಕೆ ನೇರವಾದ ಔಷಧವಿಲ್ಲ. ಆದಕಾರಣ ಉಣ್ಣೆಯು ಮೈಗೆ ಹತ್ತದಂತೆ ನೋಡಿಕೊಳ್ಳುವುದೇ ಮುಖ್ಯವಾದ ರಕ್ಷಣೆಯು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಈ ಪತ್ರಿಕೆಯಲ್ಲಿ ಕೊಡಲಾಗಿದೆ.

ರೋಗದ ಪೂರ್ವಚರಿತ್ರೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಊರಿನ ಸಮೀಪದಲ್ಲಿ ಒಂದು ಕಾಡಿರುವುದು. 1957ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಆ ಕಾಡಿನ ಸುತ್ತಿನಲ್ಲಿ ಮಂಗಗಳು ಸಾಯುತ್ತಿರುವುದು ಕಂಡುಬಂದಿತು. ಅದೇ ಕಾಲದಲ್ಲಿ ಸುತ್ತಲ ಹಳ್ಳಿಗಳ ಜನರೂ ವಿಷಮಶೀತಜ್ವರವನ್ನು ಹೋಲುವ ಕಠಿನವಾದ ಜ್ವರದಿಂದ ಮಲಗಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾ ಖಂಡಗಳ ಹಳದಿ ಜ್ವರವು ಈ ದೇಶವನ್ನು ಹೊಕ್ಕಿತೋ ಏನೋ ಎಂಬ ಭಯವು ಮೊದಲು ಉಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಸಂಗಡಿಗರು ಸ್ಥಳಕ್ಕೆ ಬಂದು ಪರೀಕ್ಷಿಸಲಾಗಿ, ಇದು ಹಳದಿ ಜ್ವರವಲ್ಲವೆಂದೂ, ಅದುವರೆಗೆ ಲೋಕಕ್ಕೆ ಗೊತ್ತಿಲ್ಲದಿದ್ದ ಬೇರೊಂದು ವೈರಸ್ಸಿನಿಂದ ಬಂದುದೆಂದೂ, ಅದನ್ನು ಹರಡುವುದು ಸೊಳ್ಳೆಯಲ್ಲದೆ ಉಣ್ಣೆಯೆಂದೂ ಗೊತ್ತಾಯಿತು. ಕಾಡಿನ ಹೆಸರನ್ನೇ ರೋಗಕ್ಕಿಟ್ಟು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆಯೆಂದು ಕರೆದರು. ಜನರು ಇಟ್ಟ ಹೆಸರು ಮಂಗನ ಕಾಯಿಲೆ.

ಮೊದಲು ಕೆಲವು ಹಳ್ಳಿಗಳಿಗೆ ಮಾತ್ರ ಮಿತವಾಗಿದ್ದ ಈ ರೋಗವು ಕ್ರಮೇಣ ಬೇರೆ ಕಡೆಗಳಿಗೂ ವ್ಯಾಪಿಸಿತು. 1983ರ ಸುಮಾರಿಗೆ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡನ್ನು ಕಡಿದು ಗೇರು ತೋಪು ಮಾಡಲು ಹೊರಟಾಗ ಅಲ್ಲಿ ಬಹು ಕಠಿನವಾದ ಹಾವಳಿ ನಡೆಯಿತು. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿಯೂ, ಬಳಿಕ ಕೇರಳದ ವೈನಾಡು, ತಮಿಳುನಾಡಿನ ನೀಲಗಿರಿ, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಪ್ರಾಂತಗಳಲ್ಲಿಯೂ ಇದು ಕಾಣಿಸಿಕೊಂಡಿತು. 2018-19ನೆಯ ಸಾಲಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಿನಲ್ಲಿ ಮತ್ತೆ ಪ್ರಾಣಹಾನಿಯಾಯಿತು. ಆದುದರಿಂದ ಪಶ್ಚಿಮಘಟ್ಟದ ಕಾಡಂಚಿನಲ್ಲಿ ವಾಸಿಸುವ ಯಾರೂ ಇದು ನೆರೆಯೂರಿನವರ ರೋಗವೆಂದು ಉದಾಸೀನರಾಗಿರಕೂಡದು.

ಉಣ್ಣೆಯ ಜೀವನಕ್ರಮ

ಈ ರೋಗವನ್ನು ಮುಖ್ಯವಾಗಿ ಹರಡುವ ಉಣ್ಣೆಗೆ ಶಾಸ್ತ್ರಜ್ಞರು ಹೀಮಫೈಸಾಲಿಸ್ ಸ್ಪೈನಿಜೆರ ಎಂದು ಹೆಸರಿಟ್ಟಿರುವರು. ಇದು ಕಾಡಿನ ನೆಲದಲ್ಲಿ, ಉದುರಿದ ಎಲೆಗಳ ನಡುವೆ ಬಾಳುವ ಜಂತು. ಇದರ ಬಾಳಿನಲ್ಲಿ ನಾಲ್ಕು ಅವಸ್ಥೆಗಳುಂಟು: ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣ್ಣೆ, ಬಲಿತ ಉಣ್ಣೆ. ಮೊಟ್ಟೆಯನ್ನು ಬಿಟ್ಟು ಉಳಿದ ಮೂರು ಅವಸ್ಥೆಗಳಲ್ಲಿಯೂ ಇದಕ್ಕೆ ಒಂದೊಂದು ಬಾರಿ ರಕ್ತದ ಊಟ ಬೇಕು. ಪ್ರತಿ ಊಟಕ್ಕೂ ಒಂದು ಪ್ರಾಣಿಯನ್ನು ಹತ್ತಿ, ಕೆಲವು ದಿನ ಅಂಟಿಕೊಂಡಿದ್ದು, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬಿದ್ದು, ಪೊರೆ ಬಿಟ್ಟು ಮುಂದಿನ ಅವಸ್ಥೆಗೆ ಬರುವುದು. ಆ ಬಳಿಕ ಮತ್ತೊಂದು ಪ್ರಾಣಿಯನ್ನು ಕಾಯುತ್ತ ಕುಳಿತಿರುವುದು. ಹೀಗೆ ಒಂದೇ ಉಣ್ಣೆಯು ಮೂರು ಪ್ರಾಣಿಗಳ ರಕ್ತವನ್ನು ಕುಡಿಯುವುದರಿಂದಲೇ ಒಂದರ ರೋಗವು ಇನ್ನೊಂದಕ್ಕೆ ದಾಟುವುದು.

ಮುಂಗಾರಿನ ಕಾಲದಲ್ಲಿ ಬಲಿತ ಉಣ್ಣೆಗಳು ದನ, ಕಾಟಿ, ಕಡವೆ ಮುಂತಾದ ದೊಡ್ಡ ಪ್ರಾಣಿಗಳ ರಕ್ತವನ್ನು ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಡುವುವು. ಮಳೆಗಾಲವು ಹಿಂದಾಗುತ್ತಲೆ ಮರಿಗಳು ಹೊರಬಂದು ಇಲಿ, ಸುಂಡಿಲಿ, ಹಕ್ಕಿ, ಮಂಗ ಮುಂತಾದುವುಗಳನ್ನು ಹಿಡಿಯುವುವು. ಡಿಸೆಂಬರ್ ಮೊದಲ್ಗೊಂಡು ಮೇ ಪರ್ಯಂತ, ಎಂದರೆ ಮಾರ್ಗಶಿರದಿಂದ ವೈಶಾಖದವರೆಗೆ, ಕಾಡಿನಲ್ಲಿ ಹೆಚ್ಚಾಗಿರುವುದು ಎಳೆಯ ಉಣ್ಣೆ. ಮನುಷ್ಯನಿಗೆ ರೋಗವನ್ನು ತರುವುದು ಮುಖ್ಯವಾಗಿ ಇದೇ. ಗಸಗಸೆಯ ಕಾಳಿನಷ್ಟು ಸಣ್ಣದಾಗಿರುವುದರಿಂದ ಮೈಮೇಲೆ ಹರಿದರೂ ತಿಳಿಯುವುದಿಲ್ಲ; ಕಚ್ಚಿದರೂ ಅನೇಕ ವೇಳೆ ನೋವಾಗುವುದಿಲ್ಲ. ದನದ ಮೈಮೇಲೆ ಕಾಣುವ ದೊಡ್ಡ ಉಣ್ಣೆಗೆ ಹೆದರಿ, ಕಣ್ಣಿಗೆ ಬೀಳದ ಈ ಸಣ್ಣದನ್ನು ಲೆಕ್ಕಿಸದಿರುವುದು ಅಪಾಯಕರವು.

ಮಂಗಗಳಿಗೂ ದನಗಳಿಗೂ ಇರುವ ಸಂಬಂಧ

ರೋಗಕ್ಕೆ ಮಂಗನ ಹೆಸರಿದ್ದರೂ ಮಂಗವು ರೋಗದ ಮೂಲವಲ್ಲ. ಅದೂ ಉಣ್ಣೆಯಿಂದಲೇ ರೋಗಕ್ಕೆ ತುತ್ತಾಗುವ ಪ್ರಾಣಿ. ಕರಿಮುಖದ ಮುಸುವಗಳೂ, ಊರ ಕೋತಿಗಳೂ ಈ ರೋಗದಿಂದ ಬೇಗನೆ ಸಾಯುವುವು. ರೋಗ ಹಿಡಿದ ಮಂಗದ ರಕ್ತದಲ್ಲಿ ವೈರಸ್ಸು ಬಹಳವಾಗಿ ವೃದ್ಧಿಯಾಗಿರುವ ಕಾಲದಲ್ಲಿ ಅದರ ಮೈಮೇಲಿನ ಮರಿ ಉಣ್ಣೆಗಳೆಲ್ಲ ಆ ರಕ್ತವನ್ನು ಕುಡಿದಿರುವುವು. ಮಂಗವು ಸತ್ತು ಮೈ ತಣ್ಣಗಾಗುತ್ತಲೆ ಅವು ಹೆಣವನ್ನು ಬಿಟ್ಟು ಸುತ್ತಲ ನೆಲದಲ್ಲಿ ಚದರುವುವು. ಈ ಕಾರಣದಿಂದ ಮಂಗ ಸತ್ತ ಜಾಗವು ರೋಗದ ಬೀಜವನ್ನು ಬಿತ್ತಿದ ಹೊಲದಂತಾಗುವುದು.

ದನಗಳ ವಿಚಾರವು ಬೇರೆ. ಇವು ಈ ರೋಗದಿಂದ ಸಾಯುವುದಿಲ್ಲ. ರೋಗವನ್ನು ಹರಡುವುದರಲ್ಲಿಯೂ ಇವುಗಳ ರಕ್ತಕ್ಕೆ ಹೆಚ್ಚಿನ ಪಾತ್ರವಿಲ್ಲ. ಆದರೆ ಬಲಿತ ಹೆಣ್ಣು ಉಣ್ಣೆಗೆ ಹೊಟ್ಟೆ ತುಂಬ ರಕ್ತ ಕೊಟ್ಟು ಅದರ ಸಂತಾನವನ್ನು ಬೆಳೆಸುವುದು ಕಾಡಿನಲ್ಲಿ ಮೇಯುವ ದನವೇ. ಹೀಗಿರುವಲ್ಲಿ ದನದ ಮೈಯನ್ನು ಉಣ್ಣೆಯಿಲ್ಲದಂತೆ ಇಟ್ಟುಕೊಳ್ಳುವುದು ದನದ ಹಿತಕ್ಕೆ ಹೇಗೋ ಊರಿನ ಹಿತಕ್ಕೂ ಹಾಗೆಯೇ ಅವಶ್ಯಕವಾದುದು.

ರೈತನ ಕೆಲಸದ ಕಾಲವೂ ಉಣ್ಣೆಯ ಕಾಲವೂ

ಮಲೆನಾಡಿನ ರೈತನು ಮಳೆಗಾಲದಲ್ಲಿ ಕಾಡಿಗೆ ಹೋಗುವುದು ಕಡಮೆ. ಸುಗ್ಗಿಯು ಮುಗಿದು ನೆಲ ಒಣಗಿದ ಮೇಲೆಯೇ ಸೌದೆಯನ್ನು ಕಡಿಯುವುದು, ಸೊಪ್ಪು ಕೊಯ್ಯುವುದು, ದರಕು ಗುಡಿಸುವುದು, ಜೇನು ಸೀಗೆಗಳನ್ನು ತರುವುದು, ದನಗಳನ್ನು ದೂರದ ಕಾಡಿಗೆ ಅಟ್ಟುವುದು, ಈ ಕೆಲಸಗಳೆಲ್ಲ ಮೊದಲಾಗುವುವು. ಎಳೆಯ ಉಣ್ಣೆಗಳು ತರಗೆಲೆಯ ಮೇಲೆ ಕಾದು ಕುಳಿತಿರುವುದೂ ಅದೇ ತಿಂಗಳುಗಳಲ್ಲಿ. ಎರಡು ಕಾಲಗಳೂ ಒಂದರ ಮೇಲೊಂದು ಬಿದ್ದಿರುವುದರಿಂದಲೇ ಈ ರೋಗವು ದುಡಿಯುವ ಜನರನ್ನು ಆರಿಸಿ ಹಿಡಿಯುವಂತೆ ಕಾಣುವುದು. ಕಾಡಿನ ಕೆಲಸವನ್ನು ಪೂರಾ ಬಿಡಿರೆಂದು ಹೇಳುವುದು ಸುಲಭ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಒಲೆಗೆ ಸೌದೆ ಬೇಕು. ಆದಕಾರಣ ಯಾವುದನ್ನು ಬಿಡಬಹುದು, ಯಾವುದನ್ನು ಬದಲಾಯಿಸಬಹುದು, ಬಿಡಲಾಗದುದನ್ನು ಹೇಗೆ ಮಾಡಬೇಕು ಎಂಬುದನ್ನು ವಿಂಗಡಿಸಿ ನೋಡಬೇಕು.

ದರಕು ಮತ್ತು ಸೊಪ್ಪಿನ ವಿಚಾರ

ಸೊಪ್ಪಿನಬೆಟ್ಟದಿಂದ ದರಕನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸಿ, ಅದು ಸಗಣಿ ಗಂಜಲಗಳೊಡನೆ ಸೇರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುವುದು ಮಲೆನಾಡಿನ ಹಳೆಯ ಪದ್ಧತಿ. ಗೊಬ್ಬರಕ್ಕೆ ಇದು ಒಳ್ಳೆಯದೇ ಸರಿ. ಆದರೆ ರೋಗವಿರುವ ಕಾಡಿನ ದರಕಿನೊಡನೆ ಉಣ್ಣೆಗಳೂ ಮನೆಯ ಬಾಗಿಲಿಗೆ ಬರುವುವು. ಕಾಡಿಗೆ ಕಾಲಿಡದ ಮುದುಕರಿಗೂ, ಕೊಟ್ಟಿಗೆಯ ಕೆಲಸ ಮಾಡುವ ಹೆಂಗಸರಿಗೂ, ದರಕಿನ ರಾಶಿಯ ಮೇಲೆ ಆಡುವ ಮಕ್ಕಳಿಗೂ ಇದರಿಂದ ಅಪಾಯವುಂಟು.

ಸಮೀಪದಲ್ಲಿ ಮಂಗಗಳು ಸತ್ತಿರುವ ವರ್ಷದಲ್ಲಾಗಲಿ, ಜನರಿಗೆ ರೋಗ ಬಂದಿರುವ ವರ್ಷದಲ್ಲಾಗಲಿ, ಆ ಕಾಡಿನ ದರಕನ್ನು ತರಲೇಕೂಡದು. ಅದಕ್ಕೆ ಪ್ರತಿಯಾಗಿ ಭತ್ತದ ಹುಲ್ಲಿನ ಕೂಳೆ, ಹೊಟ್ಟು, ತೋಟದ ಅಡಿಕೆ ಸೋಗೆ, ಬಾಳೆಯ ಎಲೆ ಇವುಗಳನ್ನು ಕತ್ತರಿಸಿ ಹಾಸಬಹುದು. ಗೊಬ್ಬರದ ಗಿಡವೆಂದು ಹೆಸರಾದ ಗ್ಲಿರಿಸಿಡಿಯವನ್ನು ಬೇಲಿಯ ಸಾಲಿನಲ್ಲಿಯೂ ಗದ್ದೆಯ ಏರಿಗಳಲ್ಲಿಯೂ ನೆಟ್ಟುಕೊಂಡರೆ ಕೆಲವು ವರ್ಷಗಳಲ್ಲಿ ಹಸಿರು ಸೊಪ್ಪು ಮನೆಯ ಹತ್ತಿರವೇ ದೊರೆಯುವುದು. ಇದು ಸುಲಭವಾಗಿ ಬೇರೂರುವ ಗಿಡ. ಕಡ್ಡಿ ನೆಟ್ಟರೂ ಚಿಗುರುವುದು. ಹೀಗೆ ಕಾಡಿನ ಸೊಪ್ಪನ್ನು ಕ್ರಮೇಣ ಕಡಮೆ ಮಾಡಿಕೊಂಡ ರೈತನಿಗೆ ರೋಗದ ಭಯವೂ ಕಡಮೆ, ತಲೆಹೊರೆಯ ದುಡಿತವೂ ಕಡಮೆ. ರೋಗದ ಸುದ್ದಿಯಿಲ್ಲದ ವರ್ಷದಲ್ಲಿ ದರಕು ತರಲೇಬೇಕಾದರೆ ಅದನ್ನು ವಾಸದ ಮನೆಗೆ ದೂರವಾಗಿ ರಾಶಿ ಹಾಕತಕ್ಕದ್ದು. ರಾಶಿಯ ಮೇಲೆ ಯಾರೂ ಕೂರಕೂಡದು, ಮಲಗಕೂಡದು.

ಕಾಡಿಗೆ ಹೋಗುವವರು ಅನುಸರಿಸತಕ್ಕ ಕ್ರಮಗಳು

ಕಾಲು ಪೂರಾ ಮುಚ್ಚುವ ಷರಾಯಿ, ಉದ್ದ ತೋಳಿನ ಅಂಗಿ, ಕಾಲುಚೀಲ, ಮುಚ್ಚಿದ ಮೆಟ್ಟು ಇವುಗಳನ್ನು ಹಾಕಿಕೊಳ್ಳಬೇಕು. ಷರಾಯಿಯ ತುದಿಯನ್ನು ಕಾಲುಚೀಲದೊಳಕ್ಕೆ ಸೇರಿಸಬೇಕು. ಉಣ್ಣೆಯು ನೆಲದಿಂದ ಮೇಲಕ್ಕೆ ಹತ್ತುವ ಜಂತುವಾದುದರಿಂದ ಕಾಲಿನ ಕಡೆ ಸಂದು ಬಿಡದಿರುವುದು ಮುಖ್ಯವು. ಬಟ್ಟೆಯು ಬಿಳಿಯ ಅಥವಾ ತಿಳಿಯ ಬಣ್ಣದ್ದಾದರೆ ಹರಿಯುವ ಉಣ್ಣೆಯು ಕಣ್ಣಿಗೆ ಬೀಳುವುದು.

ಉಣ್ಣೆಯನ್ನು ದೂರವಿಡುವ ಎಣ್ಣೆಗಳುಂಟು. ಕರ್ನಾಟಕದ ರೋಗಪೀಡಿತ ಗ್ರಾಮಗಳಲ್ಲಿ ಹಿಂದೆ ಡಿ.ಎಂ.ಪಿ. ಎಂಬ ಎಣ್ಣೆಯನ್ನೂ, ಈಚಿನ ವರ್ಷಗಳಲ್ಲಿ ಡೀಪಾ ಎಂಬ ಎಣ್ಣೆಯನ್ನೂ ಆರೋಗ್ಯ ಇಲಾಖೆಯವರು ಹಂಚಿರುವರು. ಕಾಡಿಗೆ ಹೊರಡುವ ಮುಂಚೆ ಕೈಕಾಲು, ಕುತ್ತಿಗೆಗಳಿಗೆ ಇದನ್ನು ತೆಳ್ಳಗೆ ಸವರಿಕೊಳ್ಳಬೇಕು; ಕಣ್ಣು, ಬಾಯಿ, ಗಾಯಗಳಿಗೆ ತಾಕಿಸಕೂಡದು. ಬೆವರಿನಿಂದ ಎಣ್ಣೆ ಹೋದರೆ ಸೀಸೆಯ ಮೇಲೆ ಹೇಳಿರುವಂತೆ ಮತ್ತೆ ಹಚ್ಚಿಕೊಳ್ಳಬೇಕು. ಮನೆಗೆ ಬಂದ ಮೇಲೆ ಸಾಬೂನಿನಿಂದ ತೊಳೆದುಕೊಳ್ಳಬೇಕು. ಎಣ್ಣೆಯ ಸೀಸೆಯನ್ನು ಗೂಡಿನಲ್ಲಿಟ್ಟು ಮರೆತರೆ ಪ್ರಯೋಜನವಿಲ್ಲ.

ಕಾಡಿನಲ್ಲಿ ಬರಿಯ ನೆಲದ ಮೇಲಾಗಲಿ, ತರಗೆಲೆಯ ಮೇಲಾಗಲಿ ಕುಳಿತು ಬುತ್ತಿಯುಣ್ಣುವುದನ್ನೂ ಮಲಗುವುದನ್ನೂ ಬಿಡಬೇಕು. ಮನೆಗೆ ಹಿಂದಿರುಗಿದೊಡನೆ ಬಟ್ಟೆಗಳನ್ನು ಹೊರಗೇ ಬಿಚ್ಚಿ ಕುದಿಯುವ ನೀರಿಗೆ ಹಾಕಿ ಒಗೆಯಬೇಕು. ಬಳಿಕ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಬೇಕು. ಸ್ನಾನದ ಕಾಲದಲ್ಲಿ ಕಂಕುಳು, ತೊಡೆಯ ಸಂದು, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದುಗಡೆ, ತಲೆಗೂದಲಿನ ಬುಡ ಇವುಗಳನ್ನು ನೋಡಿಕೊಳ್ಳತಕ್ಕದ್ದು. ಮಕ್ಕಳ ಮೈಯನ್ನು ದೊಡ್ಡವರೇ ಪರೀಕ್ಷಿಸಬೇಕು.

ಉಣ್ಣೆಯು ಕಚ್ಚಿಕೊಂಡಿದ್ದರೆ

ಉಣ್ಣೆ ಅಂಟಿರುವುದು ಕಂಡರೆ ತಡಮಾಡದೆ ತೆಗೆಯಬೇಕು. ಸಣ್ಣ ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರವಾಗಿ ಹಿಡಿದು, ತಿರುಚದೆ, ಜಗ್ಗಿ ಹರಿಯದೆ, ಒಂದೇ ಸಮನೆ ಮೇಲಕ್ಕೆ ಎಳೆಯಬೇಕು. ಬೀಡಿಯ ಬೆಂಕಿಯನ್ನು ಮುಟ್ಟಿಸುವುದು, ಸೀಮೆಎಣ್ಣೆ ಸುಣ್ಣಗಳನ್ನು ಹಚ್ಚಿ ಕಾಯುವುದು ಮುಂತಾದ ರೂಢಿಗಳು ಸರಿಯಲ್ಲ. ಹಾಗೆ ಮಾಡುವುದರಿಂದ ಉಣ್ಣೆಯು ತನ್ನ ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೆ ಕಕ್ಕುವ ಸಂಭವವುಂಟು. ತೆಗೆದ ಉಣ್ಣೆಯನ್ನು ಉಗುರಿನಿಂದ ಕುಕ್ಕಕೂಡದು. ಅದರ ರಸವು ಕೈಯ ಗಾಯಕ್ಕೆ ತಾಕಬಹುದು. ಸ್ಪಿರಿಟ್ಟಿನಲ್ಲಾಗಲಿ ಕುದಿಯುವ ನೀರಿನಲ್ಲಾಗಲಿ ಹಾಕಿ ಕೊಲ್ಲಬೇಕು. ಕಚ್ಚಿದ ಜಾಗವನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆದು, ಕಚ್ಚಿದ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಎಲ್ಲ ಉಣ್ಣೆಗಳಲ್ಲಿಯೂ ರೋಗವಿರುವುದಿಲ್ಲ. ಕಚ್ಚಿದ ಮಾತ್ರಕ್ಕೆ ಗಾಬರಿಗೊಳ್ಳಬೇಕಾಗಿಲ್ಲ. ಆದರೆ ಮುಂದಿನ ಎರಡು ವಾರ ಎಚ್ಚರವಾಗಿರಬೇಕು.

ದನಗಳ ಮೈಯ ಉಣ್ಣೆ

ಕಾಡಿಗೆ ಹೋಗುವ ದನಗಳನ್ನು ಆಗಾಗ್ಗೆ ಪರೀಕ್ಷಿಸಿ, ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡ ಇವುಗಳಲ್ಲಿರುವ ಉಣ್ಣೆಗಳನ್ನು ಚಿಮುಟದಿಂದ ತೆಗೆದು ಕೊಲ್ಲಬೇಕು. ಕಿತ್ತು ನೆಲಕ್ಕೆ ಎಸೆದರೆ ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಯು ಅಲ್ಲಿಯೇ ಮೊಟ್ಟೆಯಿಡುವುದು. ದನಗಳು ಬಹಳವಾಗಿದ್ದರೆ ಕೈಯಿಂದ ತೆಗೆಯುವುದು ಸಾಲದು. ಫ್ಲುಮೆತ್ರಿನ್ ಎಂಬ ಔಷಧವನ್ನು ಬೆನ್ನುಹುರಿಯ ಉದ್ದಕ್ಕೂ ಸುರಿಯುವುದುಂಟು. ಐವರ್ಮೆಕ್ಟಿನ್ ಎಂಬುದನ್ನು ಚುಚ್ಚುಮದ್ದಾಗಿ ಕೊಡುವುದುಂಟು. ಇವುಗಳ ಪ್ರಮಾಣವನ್ನೂ, ಕೊಟ್ಟ ಬಳಿಕ ಎಷ್ಟು ದಿನ ಹಾಲನ್ನು ಬಳಸಕೂಡದೆಂಬುದನ್ನೂ ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಅಂಗಡಿಯಿಂದ ತಂದ ಬೆಳೆಯ ಕ್ರಿಮಿನಾಶಕವನ್ನು ದನದ ಮೈಗೆ ಎಂದಿಗೂ ಸವರಕೂಡದು.

ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯುವುದರಿಂದ ಕೊಟ್ಟಿಗೆಯಲ್ಲಿಯೇ ಸಂತಾನವೃದ್ಧಿ ಮಾಡುವ ಇತರ ಜಾತಿಯ ಉಣ್ಣೆಗಳು ಕಡಮೆಯಾಗುವುವು. ದನಗಳಿಗೆ, ಅದರಲ್ಲಿಯೂ ಮಿಶ್ರತಳಿಯ ಹಸುಗಳಿಗೆ, ಥೈಲೇರಿಯ ಮುಂತಾದ ಜ್ವರಗಳನ್ನು ತರುವ ಉಣ್ಣೆಗಳೂ ಇರುವುದರಿಂದ ಈ ಶ್ರಮವು ವ್ಯರ್ಥವಾಗದು. ಆದರೆ ಮಂಗನ ಕಾಯಿಲೆಯ ಉಣ್ಣೆಯು ಕಾಡಿನ ನೆಲದಲ್ಲಿ ಬಾಳುವುದಾದುದರಿಂದ ಕೊಟ್ಟಿಗೆಯ ಶುಚಿತ್ವವೊಂದೇ ಸಾಕೆಂದು ನಂಬಿರಕೂಡದು. ರೋಗದ ಸುದ್ದಿ ಬಂದ ಕಾಡಿಗೆ ಆ ಕಾಲದಲ್ಲಿ ದನಗಳನ್ನು ಅಟ್ಟದೆ, ಹುಲ್ಲು ಹಾಕಿ ಕಟ್ಟಿ ಮೇಯಿಸುವುದು ಉತ್ತಮವು.

ಮಂಗವು ಸತ್ತಿರುವುದು ಕಂಡರೆ

ಸತ್ತ ಮಂಗವು ಊರಿಗೆ ಬಂದ ಮುನ್ಸೂಚನೆ. ಮನುಷ್ಯರು ಜ್ವರದಿಂದ ಮಲಗುವುದಕ್ಕೆ ಮುಂಚೆಯೇ ಕಾಡು ಕೊಡುವ ಈ ಸೂಚನೆಯನ್ನು ಯಾರೂ ಕಡೆಗಣಿಸಕೂಡದು. ಹೆಣವನ್ನು ಮುಟ್ಟಕೂಡದು, ಭಕ್ತಿಯಿಂದ ಹೂವು ಹಾಕಿ ಹೂಳುವುದಕ್ಕೂ ಹತ್ತಿರ ಹೋಗಕೂಡದು. ಹೆಣದ ಸುತ್ತ ಕಡಮೆಯೆಂದರೆ 50 ಮೀಟರು ಜಾಗದೊಳಕ್ಕೆ ಜನರೂ ದನಗಳೂ ನಾಯಿಗಳೂ ಹೋಗದಂತೆ ತಡೆದು, ಕೂಡಲೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ಪಶುವೈದ್ಯಶಾಲೆಗಾಗಲಿ, ಅರಣ್ಯ ಇಲಾಖೆಯವರಿಗಾಗಲಿ ತಿಳಿಸಬೇಕು. ಅವರು ಬಂದು ಪರೀಕ್ಷೆಗೆ ಬೇಕಾದುದನ್ನು ತೆಗೆದುಕೊಂಡು, ಹೆಣವನ್ನು ಸುಟ್ಟು, ಸುತ್ತಲ ನೆಲಕ್ಕೆ ಉಣ್ಣೆ ಸಾಯುವ ಪುಡಿಯನ್ನು ಎರಚುವರು. ಸುದ್ದಿ ಮುಟ್ಟಿಸಿದರೆ ಕಾಡಿಗೆ ಹೋಗುವುದನ್ನು ನಿಲ್ಲಿಸಿಯಾರೆಂಬ ಅಂಜಿಕೆಯಿಂದ ಮುಚ್ಚಿಡುವುದು ತನಗೂ ನೆರೆಯವರಿಗೂ ಮಾಡುವ ದ್ರೋಹವಾದೀತು.

ರೋಗದ ಲಕ್ಷಣಗಳೂ ಆರೈಕೆಯೂ

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ರೋಗವು ಹಠಾತ್ತಾಗಿ ಮೊದಲಾಗುವುದು. ಚಳಿಯೊಡನೆ ಕಠಿನವಾದ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಬಹಳವಾದ ನಿಶ್ಶಕ್ತಿ ಇವು ಮುಖ್ಯ ಲಕ್ಷಣಗಳು. ಕೆಲವರಿಗೆ ಮೂರು ನಾಲ್ಕು ದಿನಗಳಾದ ಮೇಲೆ ಮೂಗು, ವಸಡು, ಕರುಳುಗಳಿಂದ ರಕ್ತ ಬರುವುದುಂಟು. ಬಹುಮಂದಿ ಒಂದೆರಡು ವಾರಗಳಲ್ಲಿ ಗುಣಹೊಂದುವರು. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಜ್ವರ ಬಿಟ್ಟು ಚೇತರಿಸಿಕೊಂಡಂತೆ ಕಂಡಮೇಲೆ, ಮೂರನೆಯ ವಾರದ ಸುಮಾರಿಗೆ ಅದು ಮರುಕಳಿಸಿ ತಲೆನೋವು, ನಡುಕ, ಬುದ್ಧಿಭ್ರಮೆ, ದೃಷ್ಟಿದೋಷಗಳು ಕಾಣಿಸಿಕೊಳ್ಳುವುವು. ಜ್ವರ ಬಿಟ್ಟಿತೆಂದು ಕೂಡಲೆ ತೋಟದ ಕೆಲಸಕ್ಕಿಳಿಯಕೂಡದೆಂಬುದಕ್ಕೆ ಇದೇ ಕಾರಣವು. ರೋಗ ಹಿಡಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಮರಣ ಹೊಂದುವರೆಂದು ಅಂದಾಜು.

ರೋಗಕ್ಕೆ ನೇರವಾದ ಔಷಧವಿಲ್ಲವೆಂದರೆ ಆಸ್ಪತ್ರೆಯಿಂದ ಪ್ರಯೋಜನವಿಲ್ಲವೆಂದು ಅರ್ಥವಲ್ಲ. ದೇಹದ ನೀರಿನ ಅಂಶವನ್ನು ಕಾಪಾಡುವುದು, ರಕ್ತಸ್ರಾವವನ್ನು ಗಮನಿಸಿ ತಕ್ಕ ಉಪಚಾರ ಮಾಡುವುದು, ಇವುಗಳಿಂದಲೇ ಅನೇಕರ ಪ್ರಾಣ ಉಳಿಯುವುದು. ಜ್ವರ ಬಂದ ಮೊದಲನೆಯ ದಿನವೇ ವೈದ್ಯರ ಬಳಿಗೆ ಹೋಗಿ, ತಾನು ಕಾಡಿಗೆ ಹೋಗಿದ್ದುದನ್ನೂ, ಉಣ್ಣೆ ಕಚ್ಚಿದುದನ್ನೂ, ಊರಿನಲ್ಲಿ ಮಂಗ ಸತ್ತಿದ್ದರೆ ಅದನ್ನೂ ಮರೆಯದೆ ಹೇಳಬೇಕು. ರಕ್ತಪರೀಕ್ಷೆಯಿಂದ ರೋಗವು ಗೊತ್ತಾಗುವುದು. ರಕ್ತಸ್ರಾವದ ಭಯವಿರುವುದರಿಂದ ವೈದ್ಯರನ್ನು ಕೇಳದೆ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳನ್ನು ನುಂಗಕೂಡದು. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದೂ, ಅವನ ಮನೆಗೆ ಹೋಗದಿರುವುದೂ ಅಜ್ಞಾನವು.

ಲಸಿಕೆಯ ವಿಚಾರ

ಕರ್ನಾಟಕದಲ್ಲಿ 1990ರಿಂದ ಈ ರೋಗಕ್ಕೆ ಒಂದು ಲಸಿಕೆಯನ್ನು ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಬಾರಿಯೂ, ಬಳಿಕ ಮೇಲಿಂದ ಮೇಲೆಯೂ ಚುಚ್ಚಿಸಿಕೊಳ್ಳಬೇಕಾಗಿದ್ದ ಆ ಲಸಿಕೆಯಿಂದ ದೊರೆಯುವ ರಕ್ಷಣೆಯು ಸಾಲದೆಂದು ಕಂಡುಬಂದು, 2022ರಲ್ಲಿ ಅದರ ಉಪಯೋಗವನ್ನು ನಿಲ್ಲಿಸಲಾಯಿತು. ಹಿಂದೆ ಲಸಿಕೆ ಹಾಕಿಸಿಕೊಂಡಿರುವವರು ತಮಗೆ ಭಯವಿಲ್ಲವೆಂದು ತಿಳಿಯಕೂಡದು. ಮೇಲೆ ಹೇಳಿದ ಎಚ್ಚರಿಕೆಗಳು ಅವರಿಗೂ ಸಲ್ಲುವುವು.

ನೆನಪಿಡತಕ್ಕ ಅಂಶಗಳು

1. ಡಿಸೆಂಬರಿನಿಂದ ಮೇವರೆಗೆ ಕಾಡಿನ ನೆಲದಲ್ಲಿ ಎಳೆಯ ಉಣ್ಣೆ ಹೆಚ್ಚು. ಆ ಕಾಲದಲ್ಲಿ ಅವಶ್ಯವಿಲ್ಲದೆ ಕಾಡಿಗೆ ಹೋಗಕೂಡದು.

2. ಹೋಗಲೇಬೇಕಾದರೆ ಮೈಮುಚ್ಚುವ ಬಟ್ಟೆ ತೊಟ್ಟು, ಎಣ್ಣೆ ಸವರಿಕೊಂಡು ಹೋಗಬೇಕು. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳಬೇಕು.

3. ರೋಗವಿರುವ ಕಾಡಿನ ದರಕನ್ನು ಮನೆಗೆ ತರಕೂಡದು. ಗೊಬ್ಬರದ ಗಿಡವನ್ನು ಬೇಲಿಯಲ್ಲಿ ಬೆಳೆಸಿಕೊಳ್ಳಬೇಕು.

4. ದನದ ಮೈಯ ಉಣ್ಣೆಯನ್ನು ಪಶುವೈದ್ಯರ ಸಲಹೆಯಂತೆ ಕೊಲ್ಲಬೇಕು.

5. ಸತ್ತ ಮಂಗವನ್ನು ಮುಟ್ಟದೆ ಅದೇ ದಿನ ಸುದ್ದಿ ಕೊಡಬೇಕು.

6. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಈ ಆರು ಅಂಶಗಳಲ್ಲಿ ಬಹಳ ಖರ್ಚಿನದು ಯಾವುದೂ ಇಲ್ಲ. ಊರಿನವರೆಲ್ಲರೂ ಒಟ್ಟಾಗಿ ಮಾರ್ಗಶಿರ ಮಾಸಕ್ಕೆ ಮುಂಚೆಯೇ ಇವುಗಳಿಗೆ ಸಿದ್ಧರಾದರೆ, ಸುಗ್ಗಿಯ ಹಿಂದೆಯೇ ಬರುವ ಈ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.